ಜೋಡಿಯ ಇನ್ನೊಂದು ರಿಂಗು

ಅಖ್ಮೀಮ್,
ಮಾರ್ಚ್ ೩, ಮಂಗಳವಾರ

ನನ್ನ ತಮ್ಮ ಶಾಕಿರ್‌ಗೆ ಅಕ್ಕನ ಸಲಾಮು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಸೈಪ್ರಸ್‌ನ ಊಟ ಒಗ್ಗಿತೇ? ನನ್ನ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ. ರೊಟ್ಟಿಯ ಹಿಟ್ಟನ್ನು ಮಾಳಿಗೆಯ ಬಿಸಿಲಿಗಿಟ್ಟು ಬರೆಯಲು ಕೂತಿದ್ದೇನೆ, ಅದು ಉಬ್ಬುವುದರೊಳಗೆ ಮುಗಿಸಬೇಕು.

ನಿನ್ನ ಬಾಲ್ಯದ ಕಿರುಚಿತ್ರವನ್ನು ಶುಕ್ರವಾರ ಯುವಕ ಸಂಘದಲ್ಲಿ ತೋರಿಸಿದರು. ಎಲ್ಲ ತನ್ನ ಕಲ್ಪನೆ ಎಂದ ನಿರ್ದೇಶಕ. ನಿನ್ನ ಪಾತ್ರದ ಹುಡುಗ ಮುದ್ದಾಗಿದ್ದಾನೆ ಬಿಡು, ನೀನು ಅಷ್ಟು ಚೆಲುವನಾಗಿರಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿದ ಅಮ್ಮ, ದೃಷ್ಟಿಗೆ ಹೆದರಿ ನಿನಗೆ ಲಂಗ ತೊಡಿಸಿ, ಒಂದು ಕಿವಿಗೆ ರಿಂಗು ಹಾಕಿ, ಸೌಸನ್ ಎಂದು ಹೆಣ್ಣುಹೆಸರಿನಿಂದ ಕರೆದದ್ದು ಬೀದಿಗೆಲ್ಲ ಗೊತ್ತು. ಆದರೆ ಆ ರಿಂಗು ತೆಗೆದ ದಿನ ನೀನು ಹಿಟ್ಟಿನ ಮಡಕೆಯ ಹಿಂದೆ ಅಡಗಿ ಅತ್ತದ್ದನ್ನು ನೋಡಿದವಳು ನಾನೊಬ್ಬಳೇ. ಅದು ಚಿತ್ರದಲ್ಲಿ ಹೇಗೆ ಬಂತು? ಸೊಸೆಯೇ ಬಾಯಿಬಿಟ್ಟಿರಬೇಕೆಂದು ಅನುಮಾನಪಟ್ಟು ಎರಡು ದಿನ ಮಾತು ಬಿಟ್ಟಿದ್ದೆ, ಪಾಪ. ಅವಳಿಗೆ ನಾನು ಹೇಳಿಯೇ ಇರಲಿಲ್ಲ. ಗೊತ್ತಿದ್ದವರಲ್ಲಿ ಉಳಿದವನು ನೀನೊಬ್ಬನೇ.

ನಿನ್ನ ಲಂಗ ಎಳೆದು ಗೇಲಿ ಮಾಡುವ ಹುಡುಗನಿಗೆ ಚಿತ್ರದಲ್ಲಿ ವಗ್ದಿ ಎಂದು ಹೆಸರು. ನಮ್ಮ ಪಕ್ಕದ ಮನೆಯ ವಗ್ದಿ. ದೊಡ್ಡವನಾದ ಮೇಲೆ ಸರ್ಕಾರದ ಟಿವಿಯಲ್ಲಿ ಕೂತು ನೀನು ಓದಿದ ದೇಶದ್ರೋಹಿಗಳ ಪಟ್ಟಿಯಲ್ಲಿ ಅವನಿದ್ದ. ಆ ವಾರವೇ ಪೊಲೀಸರು ಅವನನ್ನು ಎಳೆದುಕೊಂಡು ಹೋದರು, ಎಲ್ಲಿಗೆಂದು ಇಂದಿಗೂ ಹೇಳಿಲ್ಲ. ಚಿತ್ರ ನೋಡಿದವರು, "ಪಾಪ, ಚಿಕ್ಕೋನಿದ್ದಾಗ ಎಷ್ಟು ನೊಂದಿತ್ತೋ ಜೀವ" ಎಂದು ಕಣ್ಣೊರೆಸಿಕೊಂಡರು. ವಗ್ದಿಯ ತಾಯಿ ಬಹಿಯ್ಯಾ ಚಿಕ್ಕಮ್ಮ ನನ್ನ ಮುಂದೆಯೇ ಕೂತಿದ್ದರು, ತಿರುಗಿ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಶಾಕಿರ್.

"ಗುರುವಾರ ನಿರ್ದೇಶಕ ಕ್ಯಾಮೆರಾ ತಗೊಂಡು ಬರ್ತಾನೆ, ಇದೆಲ್ಲ ನಿಜ ಅಂತ ಎರಡು ಮಾತು ಹೇಳಕ್ಕಾ" ಎಂದು ನೀನು ಬರೆದಿದ್ದೆಯಲ್ಲ, ಕಲ್ಪನೆಗೆ ಸಾಕ್ಷಿ ಯಾಕೆ ಬೇಕು? ಮುಖ ಮರೆಸಿಕೊಂಡು ಬಿಟ್ಟುಹೋದ ಊರಿಗೆ ಮರಳಲು ದಾರಿ ಮಾಡಿಕೊಳ್ಳುತ್ತಿದ್ದೀಯಾ?

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು. ಅಲ್ಲಾಹು ನಿನ್ನ ಆರೋಗ್ಯ ಕಾಯಲಿ, ಮನಸ್ಸನ್ನೂ ಕಾಯಲಿ.

ನಿನ್ನ ಅಕ್ಕ,
ನಜಾತ್

ಮ.ವಿ.: ನಿನ್ನೆ ಚಿಕ್ಕಮ್ಮ ಬಂದಿದ್ದರು. "ಸಿನಿಮಾದಲ್ಲಿ ನಿಮ್ಮಮ್ಮ ಇನ್ನೊಂದು ರಿಂಗು ಮಾರಿದ್ಲು ಅಂತ ತೋರಿಸ್ತಾರಲ್ಲೇ, ಚಾಚು ಕೈ" ಎಂದು ಆ ಇನ್ನೊಂದು ರಿಂಗನ್ನೇ ನನ್ನ ಅಂಗೈಯಲ್ಲಿಟ್ಟರು. ಬೀದಿಯ ಮಕ್ಕಳು ನಿನ್ನನ್ನು ಆಡಿಕೊಂಡಾಗ ವಗ್ದಿ ಓಡಿ ಬಂದು, "ನಂಗೂ ಚುಚ್ಚಿ, ಇಬ್ರೂ ಒಂದೇ ಥರ ಇರ್ತೀವಿ" ಎಂದು ಹಟ ಹಿಡಿದಿದ್ದ. ಅಮ್ಮ ಜೋಡಿಯ ಇನ್ನೊಂದನ್ನು ಅವನ ಕಿವಿಗೆ ಹಾಕಿದ್ದಳು, ಸೂಜಿ ಕಾಯಿಸಿ ಕೊಟ್ಟವಳು ನಾನೇ. ನಿನ್ನ ರಿಂಗನ್ನು ಅಮ್ಮನ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದೇನೆ. ಗುರುವಾರ ಕ್ಯಾಮೆರಾ ಮುಂದೆ ಚಿಕ್ಕಮ್ಮನೂ ನಾನೂ ಒಟ್ಟಿಗೆ ಕೂರುತ್ತೇವೆ, ಜೋಡಿ ನನ್ನ ಕೈಯಲ್ಲಿರುತ್ತದೆ.