ನಂದಿಯ ಹತ್ತಿರದ ಮೆಟ್ಟಿಲು

ಪ್ರೇಮಲೀಲಾ,

ನಿನ್ನೆ ನನ್ನ ಬಲಗೈ ಮಣಿಕಟ್ಟಿನಿಂದ ಸಣ್ಣ ಕೊಳವೆಯೊಂದನ್ನು ಹೃದಯದವರೆಗೂ ತೂರಿಸಿ ಸ್ಟೆಂಟ್ ಹಾಕಿದರು. ನಾನು ಎಚ್ಚರವಾಗಿಯೇ ಇದ್ದೆ. ದಾರದಂತೆ ಸಣ್ಣಗಾಗಿದ್ದ ರಕ್ತನಾಳ ಪರದೆಯ ಮೇಲೆ ನೋಡುನೋಡುತ್ತಲೇ ತುಂಬಿಕೊಂಡಿತು.

"ಎಷ್ಟು ದಿನದಿಂದ ಏದುಸಿರು ಬರ್ತಿತ್ತಮ್ಮ?" ಎಂದು ಡಾಕ್ಟರು ಕೇಳಿದರು. ಮನೆಯವರಿಗೆ ಹೇಳಿದಂತೆ ಒಂದು ವಾರ ಎನ್ನಲು ಬಾಯಿ ಬರಲಿಲ್ಲ.

"ಎರಡು ವರ್ಷ. ನನ್ನ ಸ್ನೇಹಿತೆ ಅವತ್ತೇ ಕಂಡುಹಿಡಿದಿದ್ಲು" ಎಂದೆ.

ಅವತ್ತು ನನ್ನ ಹರಕೆಗೆಂದು ಇಬ್ಬರೂ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದೆವು. ಬಗ್ಗಿದವಳು ನಾನು ಏಳಲು ತಡಮಾಡುತ್ತಿದ್ದೆ. ನಂದಿಯ ಹತ್ತಿರ ನೀನು ತಟ್ಟೆ ಕಿತ್ತುಕೊಂಡೆ.

"ಇದು ಭಕ್ತಿ ಅಲ್ಲ ಕಣೇ, ಉಸಿರು ಸಿಗ್ದೆ ಬಗ್ಗಿ ಕೂತ್ಕೋತಿದೀಯ. ಮೊದ್ಲು ಹಾರ್ಟ್ ಡಾಕ್ಟ್ರಿಗೆ ತೋರಿಸ್ಕೊಂಡ್ಬುಡು."

ಹರಕೆಗೆ ಅಡ್ಡ ಬಂದೆಯೆಂದು ಸಿಟ್ಟಾಗಿ ಅಲ್ಲಿಂದಲೇ ಇಳಿದುಬಿಟ್ಟೆ. ಮಾತನ್ನೂ ಬಿಟ್ಟೆ. ಕಳೆದ ವರ್ಷ ನೀನು ತೀರಿಕೊಂಡಾಗ ಬಂದೆ. ಆದರೆ ನಿಮ್ಮ ಮನೆಯ ಗೇಟು ದಾಟಲಿಲ್ಲ.

ಹೋದ ವಾರ ಕೃಷ್ಣಮೂರ್ತಿಪುರಂನ ನಮ್ಮ ಮನೆಯೆದುರು ರಂಗೋಲಿ ಹಾಕಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಆಗ ನಿನ್ನ ಮಾತೇ ಕಿವಿಗೆ ಬಿತ್ತು. ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು, ಹೇಗೋ ಎದ್ದು ಆಸ್ಪತ್ರೆಗೆ ಆಟೋ ಹತ್ತಿದೆ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತಂತೆ.

ಬಳೆ ಇರುವ ಜಾಗದಲ್ಲಿ ಈಗ ಪಟ್ಟಿಯಿದೆ. ಎಡಗೈಯಲ್ಲಿ ಕುಂಕುಮ ಹಚ್ಚುವಂತಿಲ್ಲ, ಆದ್ದರಿಂದ ಈ ಬಲಗೈ ವಾಸಿಯಾಗಬೇಕು. ಆಮೇಲೆ ಹೋಗಿ ನೀನು ತಡೆದ ಮೆಟ್ಟಿಲಿನಿಂದಲೇ ಶುರುಮಾಡುತ್ತೇನೆ. ಹಚ್ಚಲು ಎಷ್ಟು ಹೊತ್ತು ಬೇಕೋ ಅಷ್ಟೇ ಬಗ್ಗಿ, ನೀನು ಪಕ್ಕದಲ್ಲೇ ನಿಂತು ನೋಡುತ್ತಿರುವಂತೆ, ಎದ್ದುಬಿಡುತ್ತೇನೆ.