ಒಂಬೈನೂರಕ್ಕೆ ಇಳಿದ ಕವರ್

ಧರ್ಮಪುರ
ಭಾನುವಾರ ಮಧ್ಯಾಹ್ನ

ಕಾಟಲಿಂಗಪ್ಪ ಮಾವನಿಗೆ,

ನಿನ್ನ ಅಕ್ಕನ ಮಗಳು ಯಶೋದಾ ಮಾಡುವ ನಮಸ್ಕಾರ. ನಮಸ್ಕಾರವನ್ನು ಅಭ್ಯಾಸದಿಂದ ಬರೆದೆ. ಇದರ ಮುಂದೆ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂಬ ಸಾಲು ಬರಬೇಕು. ಅದನ್ನು ಬರೆಯಲು ಕೈ ಬರುತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಮಾವ. ಹನ್ನೆರಡು ದಿನವಾಯಿತು, ಇಳಿದಿಲ್ಲ.

ಎರಡು ಬೀದಿ ಆಚೆ ಇರುವವನಿಗೆ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಎದುರಿಗೆ ಬಂದು ಮಾತಾಡಿದರೆ ನೀನು ನನ್ನ ಸಿಟ್ಟಿಗೂ ಚೌಕಾಶಿ ಮಾಡುತ್ತೀಯ. "ಅಷ್ಟ್ಯಾಕವ್ವ ಸಿಟ್ಟು, ಒಂಚೂರು ಕಮ್ಮಿ ಮಾಡ್ಕ, ಟೀ ಕುಡಿ" ಅನ್ನುತ್ತೀಯ. ನಾನು ನಕ್ಕುಬಿಡುತ್ತೇನೆ. ಮೂವತ್ತು ವರ್ಷ ಹೀಗೇ ನಡೆದಿದೆ. ಆದ್ದರಿಂದ ಕನ್ನಡಕ ಹಾಕಿಕೊಂಡು ಒಬ್ಬನೇ ಕೂತು ಇದನ್ನು ಓದು. ನಡುವೆ ಬಾಯಿ ಹಾಕುವುದಕ್ಕೆ ಈ ಸಲ ನಿನಗೆ ಅವಕಾಶವಿಲ್ಲ.

ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ನೀನು ನನ್ನನ್ನೂ ಅವ್ವನನ್ನೂ ನಿನ್ನ ಮನೆಗೆ ಕರೆತಂದೆ. ಸಂತೆಯ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ನೀನು ಕುರಿ ದಲ್ಲಾಳಿ. ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಟವೆಲಿನಡಿ ಹಿಡಿದು, ಯಾರಿಗೂ ಕಾಣದ ಹಾಗೆ ಬೆರಳುಗಳಲ್ಲೇ ಬೆಲೆ ಹೇಳುವವನು. ಎರಡು ಬೆರಳು ಒತ್ತಿದರೆ ಇಷ್ಟು, ನಾಲ್ಕು ಒತ್ತಿದರೆ ಅಷ್ಟು. ಮುಖದಲ್ಲಿ ಒಂದು ನರವೂ ಅಲುಗಾಡುತ್ತಿರಲಿಲ್ಲ. ಟವೆಲ್ ತೆಗೆದಾಗ ವ್ಯಾಪಾರ ಮುಗಿದಿರುತ್ತಿತ್ತು. ಇಷ್ಟು ದೊಡ್ಡ ಮನುಷ್ಯ ನನ್ನ ಮಾವ ಎಂದು ನನಗೆ ಎಂಥ ಜಂಬ ಇತ್ತು ಗೊತ್ತಾ? ಈಗಲೂ ಇಲ್ಲ ಅಂತಲ್ಲ. ಅದಕ್ಕೇ ಇಷ್ಟು ಉರಿಯುತ್ತಿರುವುದು.

ನಾನು ವ್ಯಾನ್ ಓಡಿಸುತ್ತೇನೆ ಎಂದಾಗ ಊರೆಲ್ಲ ನಕ್ಕಿತು. ನಗದೆ ಇದ್ದವನು ನೀನೊಬ್ಬ. ಹಿರಿಯೂರಿನ ಗಾರ್ಮೆಂಟ್ಸಿಗೆ ಹೋಗಲು ನಮ್ಮ ಕಡೆಯ ಹನ್ನೊಂದು ಹೆಂಗಸರು ತಯಾರಿದ್ದರು, ಮನೆಯವರು ಬಿಡುತ್ತಿರಲಿಲ್ಲ. ನೀನು ಹೆಗಲಿಗೆ ಟವೆಲ್ ಹಾಕಿಕೊಂಡು ಒಂದೊಂದು ಮನೆಯ ಜಗಲಿಯಲ್ಲೂ ಕೂತು ಹೇಳಿದೆ. "ಗಾಡಿ ನಮ್ ಯಶೋದಾ ಓಡಿಸ್ತಾಳೆ. ದೀಪ ಹಚ್ಚೋ ಹೊತ್ತಿಗೆ ನಿಮ್ ಹೆಣ್ಮಕ್ಳು ಮನ್ಯಾಗಿರ್ತಾರೆ. ಇದು ನನ್ ಮಾತು ಕಣ್ರಿ." ಎಲ್ಲರಿಗಿಂತ ಹೆಚ್ಚು ಹಟ ಮಾಡಿದವಳು ಯಲ್ಲಕ್ಕ. ಮಗ ಮತ್ತೋಡಿನ ಕಡೆ ಕುರಿ ಹೊಡೆದುಕೊಂಡು ಹೋದವನು ತಿಂಗಳುಗಟ್ಟಲೆ ಬರುವುದಿಲ್ಲ, ಸೊಸೆಯನ್ನು ಯಾರ ನಂಬಿಕೆಯ ಮೇಲೆ ಕಳಿಸಲಿ ಎಂದಳು. ನನ್ನ ನಂಬಿಕೆಯ ಮೇಲೆ ಎಂದೆ ನೀನು. ಆ ಸೊಸೆಯೇ ಗಂಗಾ. ಎರಡು ವರ್ಷ ನಾನು ಒಂದು ದಿನವೂ ನಿನ್ನ ಮಾತು ಕೆಡಿಸಲಿಲ್ಲ.

ಈಗ ಕಳೆದ ಜೂನ್‌ಗೆ ಬಾ. ವ್ಯಾನಿನ ಇನ್ಶೂರೆನ್ಸ್ ಮುಗಿಯುತ್ತಿತ್ತು. ಅದರ ಜೊತೆಗೆ ಬ್ರೇಕ್‌ಡೌನ್ ಕವರ್ ಕೂಡ ಮಾಡಿಸೋಣ, ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಫೋನ್ ಮಾಡಿದ ಕೂಡಲೇ ನೆರವಿಗೆ ಬರುತ್ತಾರೆ ಎಂದು ನಾನೇ ಹೇಳಿದೆ. ಹನ್ನೊಂದು ಜೀವ ಕೂರಿಸಿಕೊಂಡು ಓಡಾಡುವವಳು ನಾನು. "ನಾನೂ ಬರ್ತೀನಿ, ನಡಿ ಹೋಗಾಣ" ಎಂದೆ ನೀನು. ಹಿರಿಯೂರು ಬಸ್‌ಸ್ಟ್ಯಾಂಡಿನ ಹಿಂದೆ ಆ ಏಜೆಂಟ್ ಮೋಹನ್‌ಕುಮಾರನ ಆಫೀಸು. ಅವನು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ತೋರಿಸಿದ. ಗಾಡಿ ಎಲ್ಲೇ ನಿಂತರೂ ಗ್ಯಾರೇಜಿಗೆ ಎಳೆದುಕೊಂಡು ಹೋಗುವುದು, ಒಳಗಿದ್ದವರನ್ನು ಬೇರೆ ಗಾಡಿಯಲ್ಲಿ ಊರು ಮುಟ್ಟಿಸುವುದು, ಮೆಕ್ಯಾನಿಕ್, ಪಂಕ್ಚರ್, ಬ್ಯಾಟರಿ, ಎಲ್ಲ ಸೇರಿ ಎರಡು ಸಾವಿರದ ಎಂಟುನೂರು. ಎಲ್ಲದರ ಮುಂದೆಯೂ ಒಂದೊಂದು ಟಿಕ್ ಇತ್ತು.

ನೀನು ಏನು ಮಾಡಿದೆ? "ಕೈ ತಾರಪ್ಪ ಇಲ್ಲಿ" ಎಂದು ಅವನ ಕೈ ಎಳೆದು ಟವೆಲ್ ಮುಚ್ಚಿದೆ. ಅವನು ಮೊದಲು ಕಕ್ಕಾಬಿಕ್ಕಿಯಾದ, ಆಮೇಲೆ ನಕ್ಕ. ಅವನು ಏನು ಮಾಡಿದ ಎಂದು ನಾನು ಹೇಳುತ್ತೇನೆ, ಕೇಳು. ಒಂದು ಕೈ ನಿನ್ನ ಟವೆಲಿನೊಳಗೆ ಇತ್ತು, ಇನ್ನೊಂದು ಕೈ ಮೌಸ್ ಮೇಲಿತ್ತು. ನೀನು ಬೆರಳು ಒತ್ತಿದೆ, ಅವನು ಒಂದು ಟಿಕ್ ತೆಗೆದ. ಜನರನ್ನು ಊರು ಮುಟ್ಟಿಸುವುದು ಹೋಯಿತು. ನೀನು ಮತ್ತೆ ಒತ್ತಿದೆ, ಎಳೆದುಕೊಂಡು ಹೋಗುವುದೂ ಹೋಯಿತು. ನೀನು ಅವನ ಮುಖ ನೋಡುತ್ತಿದ್ದೆ, ಸಂತೆಯಲ್ಲಿ ನೋಡುವ ಹಾಗೆ. ಪರದೆ ನೋಡುತ್ತಿದ್ದವಳು ನಾನು. "ಅದೇನು ತೆಗೆದ್ರಿ?" ಎಂದು ಕೇಳಿಯೂ ಕೇಳಿದೆ. ನೀನು ತಿರುಗಿ ನೋಡದೆ ಹೇಳಿದೆ. "ಯಾಪಾರ ನಡಿಯೋವಾಗ ಮಧ್ಯ ಬಾಯಿ ಹಾಕಬ್ಯಾಡ ಕಣವ್ವ." ಒಂಬೈನೂರಕ್ಕೆ ಇಳಿಯಿತು. ಎದ್ದು ನಿಂತು ಮೀಸೆ ತಿರುವಿದೆ.

ಸಂತೆಯಲ್ಲಿ ನೀನು ಬೆಲೆ ಎಷ್ಟು ಇಳಿಸಿದರೂ ಕುರಿಗೆ ನಾಲ್ಕು ಕಾಲು ಹಾಗೇ ಇರುತ್ತವೆ. ಕವರ್ ಕುರಿಯಲ್ಲ, ಮಾವ. ನೀನು ಬೆಲೆ ಇಳಿಸಿದಾಗಲೆಲ್ಲ ಅವನು ಒಂದೊಂದು ಕಾಲು ಕತ್ತರಿಸಿ ಪಕ್ಕಕ್ಕಿಟ್ಟ. ಅವನ ಗಂಟೇನೂ ಹೋಗಲಿಲ್ಲ. ಊರಿಗೆ ಬಂದು ಮಾತ್ರ "ಎಲ್ಡು ಸಾವಿರದ ಎಂಟ್ನೂರು ಅಂದಿದ್ದ, ಒಂಬೈನೂರಕ್ಕೆ ಕುಂಡ್ರಿಸ್ದೆ" ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ನಾನೂ ಬಾಯಿ ಮುಚ್ಚಿಕೊಂಡು ನಿನ್ನ ಹಿಂದೆ ಬಂದೆ. ಕಣ್ಣಾರೆ ಕಂಡೂ ಸುಮ್ಮನಾದೆನಲ್ಲ, ಆ ಸಿಟ್ಟು ನನ್ನ ಮೇಲೂ ಇದೆ. ಅದನ್ನು ನಾನೇ ಅನುಭವಿಸುತ್ತಿದ್ದೇನೆ.

ಹೋದ ವಾರದ ಹಿಂದಿನ ಮಂಗಳವಾರ ಹಿರಿಯೂರಿನಿಂದ ಬರುವಾಗ ಅರ್ಧ ದಾರಿಯಲ್ಲಿ ಕ್ಲಚ್ ಹೋಯಿತು. ಸಂಜೆ ಐದೂಮುಕ್ಕಾಲು. ಒಂದು ಕಡೆ ಶೇಂಗಾ ಹೊಲ, ಇನ್ನೊಂದು ಕಡೆ ಜಾಲಿ. ಕಂಪನಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. "ಮೇಡಂ, ನಿಮ್ಮ ಪ್ಲಾನ್‌ನಲ್ಲಿ ಮೆಕ್ಯಾನಿಕ್ ವಿಸಿಟ್ ಮಾತ್ರ ಇದೆ. ಪ್ಯಾಸೆಂಜರ್‌ಗಳಿಗೆ ಬೇರೆ ವಾಹನ ಇಲ್ಲ, ಟೋಯಿಂಗೂ ಇಲ್ಲ." ಒಂದೂವರೆ ಗಂಟೆ ಬಿಟ್ಟು ಮೆಕ್ಯಾನಿಕ್ ಬೈಕಿನಲ್ಲಿ ಬಂದ, ಟಾರ್ಚ್ ಹಿಡಿದು ನೋಡಿದ. "ಇದು ಇಲ್ಲಿ ಆಗಾಕಿಲ್ಲ ಅಕ್ಕ. ಎಳ್ಕಂಡೇ ಹೋಗ್ಬೇಕು. ಅದು ನಿಮ್ ಪೇಪರ್‌ನಾಗೆ ಇಲ್ಲ" ಎಂದು ಹೇಳಿ ಹೊರಟುಹೋದ. ಬಂದ ಎರಡು ಬಸ್ಸುಗಳಲ್ಲಿ ಬಾಗಿಲಿಗೂ ಜನ ಜೋತಾಡುತ್ತಿದ್ದರು, ನಿಲ್ಲಿಸಲೇ ಇಲ್ಲ. ಕೊನೆಗೆ ನಮ್ಮೂರ ರಾಮಾಂಜನೇಯ ಖಾಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ, ಪುಣ್ಯಾತ್ಮ. ಹನ್ನೊಂದು ಜನ ಅದರ ಟ್ರೇಲರಿನಲ್ಲಿ ನಿಂತುಕೊಂಡು ಊರಿಗೆ ಬಂದರು. ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ದೀಪ ಹಚ್ಚಿ ಊಟವೂ ಮುಗಿದಿತ್ತು. ಗಂಗಾ ಟ್ರೇಲರಿನಿಂದ ಇಳಿದಾಗ ಯಲ್ಲಕ್ಕ ಬಾಗಿಲಲ್ಲೇ ನಿಂತಿದ್ದಳು. ಸೊಸೆಯನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಷ್ಟಕ್ಕೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ತಪ್ಪು ಯಾರಿಗಾದರೂ ಆಗುತ್ತದೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಮಾರನೆಯ ದಿನ, ಗುಡಿ ಕಟ್ಟೆಯ ಹತ್ತಿರ. ಕಟ್ಟೆಯ ಮೇಲೆ ಕೂತಿದ್ದ ಮೂರ್ತಪ್ಪ ಎಲ್ಲರೆದುರು ನಿನ್ನನ್ನು ಕೇಳಿದ. "ಏನಪ್ಪ ಕಾಟಲಿಂಗಪ್ಪ, ಆ ಕವರ್ರು ಮಾಡ್ಸಿದ್ದು ನೀನೇ ಅಲ್ವಾ?" ಯಲ್ಲಕ್ಕ ಅಲ್ಲೇ ಇದ್ದಳು. ನಾನೂ ಇದ್ದೆ. ನೀನು ನನ್ನ ಕಡೆ ಒಂದು ಸಲ ನೋಡಿ, ಕಣ್ಣು ತೆಗೆದು ಹೇಳಿದೆ. "ನಾನು ರೇಟ್ ಮಾತಾಡ್ದೆ ಅಷ್ಟೇಯ. ಯಾವ್ದು ಬೇಕು ಯಾವ್ದು ಬ್ಯಾಡ ಅಂತ ಆರಿಸ್ಕಂಡಿದ್ದು ಆಯಮ್ಮನೇ."

ಮಾವ, ನಿನ್ನ ನಾಲಿಗೆ ಹೇಗೆ ಹೊರಳಿತು? ಬಾಯಿ ಹಾಕಬ್ಯಾಡ ಎಂದವನು ನೀನು, ಆರಿಸಿದವಳು ನಾನು! ಆಯಮ್ಮ ಅಂದೆಯಲ್ಲ, ಹೆಸರು ಕೂಡ ಹೇಳದೆ, ಎಲ್ಲಿಂದಲೋ ಬಂದವಳ ಹಾಗೆ. ನಾನು ಅಲ್ಲೇ ಜಗಳ ಕಾಯಬಹುದಿತ್ತು. ಅಷ್ಟು ಜನರ ಮುಂದೆ ನಿನ್ನ ತಲೆ ತಗ್ಗಬಾರದು ಎಂದು ತಡೆದುಕೊಂಡೆ. ನೀನು ನನ್ನ ತಲೆಯ ಬಗ್ಗೆ ಒಂದು ಗಳಿಗೆಯಾದರೂ ಯೋಚಿಸಿದೆಯಾ? ನಿನ್ನ ಒಂದು ಮಾತಿಗೆ ಊರು ನಿಶ್ಚಯ ಮಾಡಿಬಿಟ್ಟಿತು. ಹೆಂಗಸಿನ ಗಾಡಿ, ಹೆಂಗಸಿನ ಬುದ್ಧಿ, ನಾಲ್ಕು ಕಾಸಿನ ಆಸೆಗೆ ಬಿದ್ದು ನಮ್ಮ ಮನೆಯವರನ್ನು ದಾರಿಯಲ್ಲಿ ನಿಲ್ಲಿಸಿದಳು ಎಂದರು. ನಾಲ್ಕು ಜನ ಬರುವುದು ನಿಲ್ಲಿಸಿದರು. ಮೂವರು ಆಮೇಲೆ ಮನೆಯಲ್ಲಿ ಗುದ್ದಾಡಿ ಮತ್ತೆ ಬಂದರು. ಗಂಗಾ ಮಾತ್ರ ಬರಲಿಲ್ಲ.

ಗ್ಯಾರೇಜಿನಿಂದ ಗಾಡಿ ಬಂದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮೊನ್ನೆ ಒಬ್ಬಳೇ ಹೋಗಿ ಬೇರೆ ಕವರ್ ಮಾಡಿಸಿಕೊಂಡು ಬಂದೆ. ಹೇಗೆ ಮಾಡಿಸಿದೆ ಎಂದು ನೀನು ತಿಳಿದುಕೊಳ್ಳಬೇಕು. ಹಿಂದಿನ ದಿನ ಗಾಡಿಯಲ್ಲೇ ಎಲ್ಲರನ್ನೂ ಕೇಳಿ, ನಮಗೆ ಏನೇನು ಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಳದಿ ಬೋರ್ಡ್ ಗಾಡಿಗೆ ನಡೆಯುತ್ತದೋ ಇಲ್ಲವೋ, ನಮ್ಮ ಧರ್ಮಪುರದ ದಾರಿಗೆ ಎಷ್ಟು ಹೊತ್ತಿಗೆ ಬರುತ್ತಾರೆ, ಎಷ್ಟು ದೂರ ಎಳೆದುಕೊಂಡು ಹೋಗುತ್ತಾರೆ, ವರ್ಷಕ್ಕೆ ಎಷ್ಟು ಸಲ, ಹನ್ನೊಂದು ಜನರಿಗೂ ಗಾಡಿ ಕೊಡುತ್ತಾರೋ ಅಥವಾ ನಾಲ್ಕೇ ಜನಕ್ಕೋ. ಹಿರಿಯೂರಿನಲ್ಲಿ ಇಬ್ಬರನ್ನು ಕೇಳಿದೆ, ಚಿತ್ರದುರ್ಗಕ್ಕೆ ಹೋಗಿ ಒಬ್ಬರನ್ನು ಕೇಳಿದೆ. ಬೆಲೆ ಹೇಳಲು ಬಂದವರಿಗೆಲ್ಲ, ಮೊದಲು ಇದರೊಳಗೆ ಏನೈತೆ ಅದನ್ನ ಓದ್ರಿ, ಆಮೇಲೆ ಬೆಲೆ ಎಂದೆ. ಮೂವರದೂ ಒಂದೇ ಸಮ ಆಗುವ ಹಾಗೆ ಮಾಡಿಸಿಕೊಂಡು, ಆಮೇಲೆ ಒಬ್ಬರ ಬೆಲೆಯನ್ನು ಇನ್ನೊಬ್ಬರಿಗೆ ಹೇಳಿದೆ. ಎರಡು ಸಾವಿರದ ಆರುನೂರು ಅಂದವರು ಎರಡು ಸಾವಿರದ ನೂರಕ್ಕೆ ಬಂದರು. ಒಂದು ಟಿಕ್ ಕೂಡ ಕಡಿಮೆಯಾಗಲಿಲ್ಲ. ದುಡ್ಡು ಕೊಡುವ ಮುಂಚೆ ಅವರ ಸಹಾಯವಾಣಿಗೆ ನಾನೇ ಫೋನ್ ಮಾಡಿ, ಇದೆಲ್ಲ ಹೌದಾ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಚೌಕಾಶಿ ನಾನು ನಿನ್ನಿಂದಲೇ ಕಲಿತದ್ದು. ನೋಡುವುದನ್ನು ಮಾತ್ರ ನಾನೇ ಕಲಿತೆ.

ಆದರೆ ಆ ಹೊಸ ಕವರಿನ ಕಾಗದ ಹಿಡಿದುಕೊಂಡು ಯಲ್ಲಕ್ಕನ ಮನೆಗೆ ಹೋದರೆ ಆಕೆ ಮುಟ್ಟಿಯೂ ನೋಡಲಿಲ್ಲ. "ಕಾಟಲಿಂಗಪ್ಪನೇ ಹೇಳವ್ನಲ್ಲವ್ವ, ನೀನೇ ಮಾಡಿದ್ದು ಅಂತ. ಇನ್ನೇನು ನೋಡೋದೈತೆ?" ಎಂದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಸೊಸೆಯನ್ನು ಕಳಿಸಿದ್ದು ನಿನ್ನ ಮಾತಿನ ಮೇಲೆ, ನಿಲ್ಲಿಸಿದ್ದೂ ನಿನ್ನ ಮಾತಿನ ಮೇಲೆ. ಗಾರ್ಮೆಂಟ್ಸಿನ ಸೂಪರ್‌ವೈಸರ್ ಶಿವರಾಜ್ ನಾಳೆ ಸೋಮವಾರದವರೆಗೆ ಗಂಗಾಳ ಮಿಷನ್ನಿಗೆ ಬೇರೆಯವರನ್ನು ಕೂರಿಸುವುದಿಲ್ಲ ಎಂದು ಒಪ್ಪಿದ್ದಾರೆ. ಅದರಾಚೆ ಅವರ ಕೈಯಲ್ಲೂ ಇಲ್ಲ.

ಆದ್ದರಿಂದ ನಾಳೆ ಬೆಳಗ್ಗೆ ಆರೂವರೆಗೆ ನೀನು ಯಲ್ಲಕ್ಕನ ಬಾಗಿಲಿಗೆ ಬರಬೇಕು. ನನಗೆ ಕ್ಷಮೆ ಬೇಡ, ಸಮಾಧಾನ ಬೇಡ, ಮನೆಗೆ ಕರೆದು ಊಟ ಹಾಕಿಸುವುದೂ ಬೇಡ. ಅದನ್ನೆಲ್ಲ ನೀನು ಮಾಡುತ್ತೀಯ ಎಂದು ನನಗೆ ಗೊತ್ತು. ಬೇಕಾಗಿರುವುದು ಒಂದೇ ಮಾತು. ಯಶೋದಾ ಕೇಳಿದಳು, ನಾನೇ ಬಾಯಿ ಮುಚ್ಚಿಸಿದೆ, ಕಟ್ಟೆಯ ಹತ್ತಿರ ಹೇಳಿದ್ದು ಸುಳ್ಳು. ಇಷ್ಟನ್ನು ಯಲ್ಲಕ್ಕನಿಗೆ ಕೇಳುವ ಹಾಗೆ, ಗಾಡಿಯೊಳಗೆ ಕೂತವರಿಗೂ ಕೇಳುವ ಹಾಗೆ ಹೇಳು. ನಾನು ಸುಮ್ಮನಿದ್ದದ್ದು ನನ್ನ ತಪ್ಪು, ಅದನ್ನು ನಾನು ಹೇಳಿಕೊಳ್ಳುತ್ತೇನೆ. ನಿನ್ನದನ್ನು ನೀನು ಹೇಳು. ನೀನು ಬರದೆ ಹೋದರೆ ಈ ಕಾಗದದ ನಕಲು ನನ್ನ ಹತ್ತಿರ ಇದೆ, ಅಲ್ಲೇ ನಿಂತು ಓದುತ್ತೇನೆ. ನಿನ್ನ ತಲೆ ಕಾಯುವ ಕೆಲಸ ನನಗೆ ಸಾಕಾಗಿದೆ.

ಇನ್ನೊಂದು ಮಾತು. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ನಿನ್ನೆ ಬಾವಿ ಹತ್ತಿರ ಗಂಗಾ ಸಿಕ್ಕಿದ್ದಳು. ಹೋಗುವುದಿಲ್ಲ ಎಂದು ಗೊತ್ತಿದ್ದರೂ ದಿನಾ ಐದು ಗಂಟೆಗೆ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿಡುತ್ತಾಳಂತೆ. ನನ್ನ ಗಾಡಿಯ ಹಾರ್ನ್ ಬೀದಿ ದಾಟುವವರೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಾಳಂತೆ. ಆಮೇಲೆ ಹೊತ್ತು ಏರಿದ ಮೇಲೆ ತಾನೇ ಬಿಚ್ಚಿ, ಅಲ್ಲೇ ಒಲೆಯ ಮುಂದೆ ಕೂತು ತಿನ್ನುತ್ತಾಳಂತೆ. ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ, ಮಾವ.

ದೇವರು ನಿನಗೆ ಆಯಸ್ಸು ಕೊಡಲಿ. ನಾಳೆ ಆರೂವರೆಗೆ ಬಾಯಿಯನ್ನೂ ಕೊಡಲಿ. ಗಂಗಾಳ ಡಬ್ಬಿ ನಾಳೆ ಹಿರಿಯೂರಿನಲ್ಲಿ ಬಿಚ್ಚಬೇಕು.

ಇಂತು, ನೀನು ಸಾಕಿದವಳು,
ಯಶೋದಾ