ಮೈಲಾರಿ ಕೆಮ್ಮಲಿಲ್ಲ

ರೀ,

ಪ್ಯಾಟಿಯಿಂದ ಬಂದ ಕೂಡಲೇ ಒಳಕೋಣಿಗೆ ಹೋಗ್ರಿ, ಚಪ್ಪಲಿ ಬಿಚ್ಚಾಕೂ ನಿಂದ್ರಬ್ಯಾಡ್ರಿ. ಮೈಲಾರಿ ಬಾಜೂಕ ಅತ್ತಿ ಕುಂತಾರ. ಅವನಿಗೆ ಜ್ವರ ಅಂತ ಅವರಿಗೆ ಹೇಳೇನಿ, ಖರೇ ಸಂಗತಿ ನಿಮಗ ಈ ಚೀಟ್ಯಾಗ ಬರದೇನಿ. ನಾ ಡಾಕ್ಟರನ್ನ ಕರಿಯಾಕ ಹೊಂಟೇನಿ.

ಈಗಷ್ಟ ಚಟ್ನಿಗೆ ಮೆಣಸಿನಕಾಯಿ ಹುರದೆ. ಆ ಘಾಟಿಗೆ ಅತ್ತಿ ಕೆಮ್ಮಿದ್ರು, ನಾ ಕೆಮ್ಮಿದೆ, ಗ್ವಾಡಿ ಆಚೆ ಜಯವ್ವನೂ ಕೆಮ್ಮಿದಳು. ಒಲಿ ಮಗ್ಗಲಕ್ಕ ಮಲಗಿದ್ದ ನಮ್ಮ ಮಗ ಮಾತ್ರ ಕೆಮ್ಮಲಿಲ್ಲ. ಎಬ್ಬಿಸಿದರ ಕಣ್ಣು ತೆರೆದು ಮತ್ತ ಮುಚ್ಚತಾನ. ಒಳಗ ಒಯ್ದು ಮಲಗಿಸುವಾಗ ಅವನ ಹಾಸಿಗಿ ಕೆಳಗ ಕೆಮ್ಮಿನ ಔಷಧದ ನಾಕು ಖಾಲಿ ಬಾಟ್ಲಿ ಸಿಕ್ಕಾವು, ಅಮಲಿಗೆ ಕುಡದಾನ. ‘ಔಷಧ ಅಲ್ಲೇನು, ಕುಡೀಲಿ ಬಿಡು’ ಅಂದವರು ನೀವ.

ಮಗನ್ನ ಹೊಡೀಬ್ಯಾಡ್ರಿ. ಮಗ್ಗಲಾಗಿ ಮಲಗಿಸಿ ಹೆಸರು ಹಿಡಿದು ಕರೀತಾ ಇರ್ರಿ, ನಿದ್ದಿ ಹತ್ತಾಕ ಬಿಡಬ್ಯಾಡ್ರಿ. ಉಸಿರು ನಿಧಾನ ಆದ್ರ, ತುಟಿ ನೀಲಿ ಆದ್ರ ನನ್ನ ದಾರಿ ಕಾಯಬ್ಯಾಡ್ರಿ. ಲಕ್ಕಪ್ಪನ ಟೆಂಪೋದಾಗ ಹಾವೇರಿ ದವಾಖಾನಿಗೆ ಒಯ್ಯಿರಿ, ಬಾಟ್ಲಿ ತೋರಿಸ್ರಿ. ಮಂದಿ ಏನಂತಾರೋ ಅಂತ ಮುಚ್ಚಿಡಬ್ಯಾಡ್ರಿ.

ರೊಟ್ಟಿ ಬುಟ್ಟ್ಯಾಗ ಅದಾವ.

ಮೆಣಸಿನಕಾಯಿ ಧೂಳಿಗೆ ಮಗ ಕೆಮ್ಮತಾನ ಅಂತ ಮೊದಲನೇ ಬಾಟ್ಲಿ ತಂದಾಕಿ ನಾನ. ಈಗ ಅವ ಒಂದ ಸಲ ಕೆಮ್ಮಲಿ ಅಂತ ಬೇಡ್ಕೊಂತ ಹೊಂಟೇನಿ.

— ರೇಣುಕಾ